ಕೊಳೆರೋಗಕ್ಕೆ ಮದ್ದು ಕಂಡ ಡಾ. ಕೋಲ್ಮನ್

ಒಕ್ಕಲಿಗನ ಬೆಳೆಗೆ ಶತ್ರುಗಳು ಅನೇಕ. ಹೊಲಕ್ಕೆ ನುಗ್ಗುವ ದನವನ್ನು ಬೇಲಿ ತಡೆಯುತ್ತದೆ; ತೆನೆಗೆ ಎರಗುವ ಹಕ್ಕಿಯನ್ನು ಕವಣೆಯ ಕಲ್ಲು ಓಡಿಸುತ್ತದೆ. ಆದರೆ ಕಣ್ಣಿಗೆ ಕಾಣದೆ ಬಂದು, ಬೆಳೆದುನಿಂತ ಫಲವನ್ನು ಕೊಳೆಯಿಸಿ ಹೋಗುವ ಶತ್ರುವನ್ನು ತಡೆಯುವುದು ಹೇಗೆ? ಶತಮಾನಗಳ ಕಾಲ ಈ ಪ್ರಶ್ನೆಗೆ ಮನುಷ್ಯನಲ್ಲಿ ಉತ್ತರವಿರಲಿಲ್ಲ. ಬೆಳೆಗೆ ತಗಲುವ ರೋಗವನ್ನು ಅವನು ದೈವದ ಮುನಿಸೆಂದೋ, ಗಾಳಿಯ ದೋಷವೆಂದೋ, ತನ್ನ ಹಣೆಬರಹವೆಂದೋ ತಿಳಿದು ಸುಮ್ಮನಿರುತ್ತಿದ್ದನು. ಈ ಅಸಹಾಯಕತೆಯಿಂದ ನಮ್ಮ ನಾಡಿನ ಅಡಿಕೆ ಬೆಳೆಗಾರರನ್ನು ಪಾರುಮಾಡಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ಹುಟ್ಟಿದ್ದು ದೂರದ ಕೆನಡಾ ದೇಶದಲ್ಲಿ; ಬಾಳಿನ ಬಹುಮುಖ್ಯ ವರ್ಷಗಳನ್ನು ಕಳೆದದ್ದು ಕನ್ನಡನಾಡಿನಲ್ಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಮಕ್ಕಳಿಗೆ ಜೋಳದ ಕಾಡಿಗೆ ರೋಗದ ಪರಿಚಯವುಂಟು. ಹೊರನೋಟಕ್ಕೆ ತೆನೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಕಾಳನ್ನು ಹಿಸುಕಿದರೆ ಹಿಟ್ಟಿಗೆ ಬದಲಾಗಿ ಕಪ್ಪು ಪುಡಿ ಬೆರಳಿಗೆ ಅಂಟುತ್ತದೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಒಂದೊಂದು ಬೀಜಕಣ. ರಾಶಿ ಮಾಡುವಾಗ ಅದು ಒಳ್ಳೆಯ ಕಾಳುಗಳಿಗೂ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಬಿತ್ತಿದ ಬೀಜದೊಡನೆ ತಾನೂ ಮೊಳೆತು, ಸಸಿಯ ಒಳಹೊಕ್ಕು, ತೆನೆ ಬರುವವರೆಗೆ ಗುಪ್ತವಾಗಿರುತ್ತದೆ. ಬಿತ್ತುವ ಮೊದಲು ಬೀಜಕ್ಕೆ ನುಣ್ಣನೆಯ ಗಂಧಕದ ಪುಡಿಯನ್ನು ಬೆರೆಸಿದರೆ ಈ ಬೀಜಕಣಗಳು ನಾಶವಾಗುತ್ತವೆ. ಹಿಡಿಯಷ್ಟು ಪುಡಿ ಹೊಲದ ಬೆಳೆಯನ್ನು ಕಾಯುತ್ತದೆ. ಶಿಲೀಂಧ್ರದ ಸಂತಾನವೃದ್ಧಿಯ ದಾರಿಯನ್ನು ಅರಿತು, ಸರಿಯಾದ ಸಮಯದಲ್ಲಿ ಸರಿಯಾದ ರಾಸಾಯನಿಕದಿಂದ ಅದನ್ನು ಅಡ್ಡಗಟ್ಟಿದರೆ ಬೆಳೆ ಉಳಿಯುತ್ತದೆ ಎಂಬುದೇ ಇದರ ಮರ್ಮ. ಕೋಲ್ಮನ್ನರು ಮಲೆನಾಡಿನ ಅಡಿಕೆಯ ತೋಟಗಳಲ್ಲಿ ಸಾಧಿಸಿ ತೋರಿಸಿದ್ದು ಈ ತತ್ತ್ವವನ್ನೇ.

ಲೆಸ್ಲಿ ಕೋಲ್ಮನ್ ಅವರು ೧೮೭೮ರಲ್ಲಿ ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ನಿಸರ್ಗ ವಿಜ್ಞಾನಗಳನ್ನು ಅಭ್ಯಾಸಮಾಡಿ ೧೯೦೪ರಲ್ಲಿ ಪದವೀಧರರಾದರು. ಹೆಚ್ಚಿನ ವ್ಯಾಸಂಗಕ್ಕಾಗಿ ಅವರು ಜರ್ಮನಿಗೆ ತೆರಳಿದರು. ಅಂದಿನ ದಿನಗಳಲ್ಲಿ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಜರ್ಮನಿ ಗುರುಪೀಠದಂತಿತ್ತು. ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಉಂಟುಮಾಡುವ ಕ್ರಿಯೆಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಆ ಕಾಲದ ಜರ್ಮನಿಯಲ್ಲಿ ಶಿಲೀಂಧ್ರಗಳ ಬಗೆಗೆ ಹೊಸ ತಿಳಿವಳಿಕೆ ಮೂಡುತ್ತಿತ್ತು. ಶಿಲೀಂಧ್ರಗಳಲ್ಲಿ ಸಂತಾನೋತ್ಪತ್ತಿಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಒಂದೇ ಜೀವಿಯಿಂದ ಅಸಂಖ್ಯಾತ ಬೀಜಕಣಗಳು ಸಿಡಿದು ಹರಡುವ ನಿರ್ಲಿಂಗ ರೀತಿ. ಇನ್ನೊಂದು, ಎರಡು ಬೀಜಾಣುಗಳ ಕೂಡಿಕೆಯಿಂದ ಹೊಸ ಪೀಳಿಗೆ ಹುಟ್ಟುವ ಲೈಂಗಿಕ ರೀತಿ. ಯಾವ ಸಮಯದಲ್ಲಿ ಯಾವ ದಾರಿಯನ್ನು ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸುತ್ತಲಿನ ರಾಸಾಯನಿಕ ಪರಿಸ್ಥಿತಿ. ಜರ್ಮನಿಯ ಸಸ್ಯವಿಜ್ಞಾನಿ ಗೇಯಾರ್ಗ್ ಕ್ಲೆಬ್ಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀರಿನ ಬೂಷ್ಟೊಂದರ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದ್ದರು. ಆಹಾರ ಸಮೃದ್ಧವಾಗಿರುವವರೆಗೆ ಬೂಷ್ಟು ಎಳೆ ಎಳೆಯಾಗಿ ಬೆಳೆಯುತ್ತಲೇ ಹೋಗುತ್ತದೆ. ಚೆನ್ನಾಗಿ ಬೆಳೆದ ಎಳೆಗಳನ್ನು ತೆಗೆದು ಬರಿಯ ನೀರಿನಲ್ಲಿಟ್ಟರೆ ಈಜುವ ಬೀಜಕಣಗಳನ್ನು ಹೊರಚೆಲ್ಲುತ್ತದೆ. ಪೋಷಕಾಂಶಗಳನ್ನು ಬೇರೊಂದು ಬಗೆಯಲ್ಲಿ ಹೊಂದಿಸಿದರೆ ಲೈಂಗಿಕ ಅಂಗಗಳನ್ನು ತಾಳುತ್ತದೆ. ಕಣ್ಣಿಗೆ ಕಾಣದ ಜೀವಿಯ ನಡತೆಗೂ ನಿಯಮವಿದೆ, ಆ ನಿಯಮವನ್ನು ಮನುಷ್ಯ ಅರಿಯಬಲ್ಲನು ಎಂಬ ವಿಶ್ವಾಸವನ್ನು ಇಂಥ ಪ್ರಯೋಗಗಳು ಹುಟ್ಟಿಸಿದ್ದವು. ಕೋಲ್ಮನ್ ಬೆಳೆದು ಬಂದದ್ದು ಇಂತಹ ವಿಶ್ವಾಸದ ವಾತಾವರಣದಲ್ಲಿ.

೧೯೦೮ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅವರನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರಾಗಿದ್ದರು. ಮೂವತ್ತು ವರ್ಷ ವಯಸ್ಸಿನ ಈ ತರುಣ ವಿಜ್ಞಾನಿಗೆ ಇಲ್ಲಿನ ಭಾಷೆ, ಬೆಳೆ, ಮಳೆ, ಮಣ್ಣು ಎಲ್ಲವೂ ಹೊಸವು. ಪ್ರಯೋಗಶಾಲೆಯ ಮೇಜಿನ ಮುಂದೆ ಕುಳಿತು ಕಾಲ ಕಳೆಯುವ ಸೌಕರ್ಯ ಅವರಿಗಿತ್ತು. ಆದರೆ ಅವರು ಆರಿಸಿಕೊಂಡದ್ದು ರೈತರು ಸಂಕಟಪಡುತ್ತಿದ್ದ ಜಾಗಗಳನ್ನು. ದಖ್ಖನ್ನಿನ ಜೋಳದ ಹೊಲಗಳನ್ನು ತಿಂದುಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯನ್ನು ಅವರು ಅಭ್ಯಾಸಮಾಡಿದರು. ಆ ಮಿಡತೆಯ ಕುಲಕ್ಕೆ ವಿಜ್ಞಾನಿಗಳು ಕೋಲ್ಮನ್ನರ ಹೆಸರನ್ನೇ ಇಟ್ಟು ಕೋಲ್ಮೇನಿಯ ಎಂದು ಕರೆದರು. ಆದರೆ ಅವರ ಕೀರ್ತಿಯನ್ನು ಜನಮನದಲ್ಲಿ ನಿಲ್ಲಿಸಿದ ಕಾರ್ಯ ನಡೆದದ್ದು ಮಲೆನಾಡಿನಲ್ಲಿ.

ಸಹ್ಯಾದ್ರಿಯ ಕಣಿವೆಗಳಲ್ಲಿ ಅಡಿಕೆಯೇ ಜೀವನಾಧಾರ. ಸಸಿ ನೆಟ್ಟ ಮೇಲೆ ಫಲ ಕಾಣಲು ಐದಾರು ವರ್ಷ ಕಾಯಬೇಕು. ಮಗುವಿನಂತೆ ಸಾಕಿದ ಆ ಮರ ಗೊನೆ ಬಿಟ್ಟಾಗ ಮನೆಯವರ ಸಂತೋಷಕ್ಕೆ ಪಾರವಿರುವುದಿಲ್ಲ. ಸಾಲ ತೀರುವುದು, ಮಗಳ ಮದುವೆ, ಮಕ್ಕಳ ವಿದ್ಯೆ ಎಲ್ಲವೂ ಆ ಗೊನೆಯನ್ನೇ ಅವಲಂಬಿಸಿರುತ್ತವೆ. ಇಂಥ ಸಮಯದಲ್ಲಿ, ಮುಂಗಾರು ಹಿಡಿದು ಕೆಲವು ವಾರಗಳು ಕಳೆಯುವಷ್ಟರಲ್ಲಿ, ಹಸಿರು ಕಾಯಿಗಳ ತೊಟ್ಟಿನ ಬಳಿ ನೀರು ಹೀರಿದಂತಹ ಮಚ್ಚೆಗಳು ಕಾಣಿಸುತ್ತವೆ. ಕಾಯಿ ತನ್ನ ಹೊಳಪನ್ನು ಕಳೆದುಕೊಂಡು ಕಪ್ಪಾಗುತ್ತದೆ, ಆಮೇಲೆ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಅರಳೆಯಂಥ ಬೂಷ್ಟು ಹಬ್ಬುತ್ತದೆ. ಇದೇ ಕೊಳೆರೋಗ. ಮಳೆ ಬಿಡದೆ ಸುರಿದಷ್ಟೂ ರೋಗ ಒಂದು ಗೊನೆಯಿಂದ ಇನ್ನೊಂದಕ್ಕೆ, ಒಂದು ತೋಟದಿಂದ ಮತ್ತೊಂದಕ್ಕೆ ಹರಡುತ್ತದೆ. ಕೆಲವೊಮ್ಮೆ ಮರದ ಸುಳಿಗೇ ತಗಲಿ ಮರವನ್ನೇ ಸಾಯಿಸುತ್ತದೆ.

ಬೆಳೆಗಾರರು ಕೈಕಟ್ಟಿ ಕುಳಿತಿದ್ದರೆಂದು ತಿಳಿಯಬಾರದು. ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟುವ ಪದ್ಧತಿ ಅವರಲ್ಲಿತ್ತು. ಹುಲ್ಲಿನಿಂದಲೋ ಅಡಿಕೆಯ ಹಾಳೆಯಿಂದಲೋ ಹೊದಿಕೆ ಮಾಡಿ, ಗೊನೆಗೆ ಕೊಡೆ ಹಿಡಿದಂತೆ ಕಟ್ಟುತ್ತಿದ್ದರು. ಗೊನೆಗೆ ಮಳೆಯ ನೀರು ತಾಕದಿದ್ದರೆ ಕೊಳೆ ಬರುವುದಿಲ್ಲ ಎಂಬುದನ್ನು ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು. ಅವರ ಈ ಅರಿವು ಸರಿಯಾದುದೇ. ಆದರೆ ಸಾವಿರಾರು ಗೊನೆಗಳಿಗೆ ಕೊಟ್ಟೆ ಹೆಣೆದು, ಐವತ್ತು ಅರವತ್ತು ಅಡಿ ಎತ್ತರದ ಮರಗಳನ್ನು ಹತ್ತಿ ಕಟ್ಟುವುದೆಂದರೆ ಅಪಾರ ಶ್ರಮ, ಅಪಾರ ವೆಚ್ಚ. ಸಣ್ಣ ಹಿಡುವಳಿದಾರನಿಗೆ ಅದು ನಿಲುಕುತ್ತಿರಲಿಲ್ಲ. ಅಷ್ಟು ಮಾಡಿದರೂ ಎಲ್ಲ ಗೊನೆಗಳೂ ಉಳಿಯುವ ಭರವಸೆ ಇರಲಿಲ್ಲ.

ಕೋಲ್ಮನ್ನರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದರು. ರೋಗಕ್ಕೆ ಕಾರಣವಾದ ಜೀವಿ ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದುದು. ಈ ಕುಲದ ಹೆಸರು ಅಂದಿಗಾಗಲೇ ಲೋಕಪ್ರಸಿದ್ಧವಾಗಿತ್ತು. ೧೮೪೫ರಿಂದ ಐರ್ಲೆಂಡಿನ ಆಲೂಗಡ್ಡೆಯ ಹೊಲಗಳನ್ನು ಕೊಳೆಯಿಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಇದರ ದಾಯಾದಿಯೇ. ಇಂದಿನ ವಿಜ್ಞಾನಿಗಳು ಫೈಟಾಫ್ತೊರವನ್ನು ನಿಜವಾದ ಶಿಲೀಂಧ್ರಗಳಿಂದ ಬೇರೆಯಾದ, ನೀರಿನ ಬೂಷ್ಟುಗಳ ಗುಂಪಿನಲ್ಲಿ ಇಡುತ್ತಾರೆ. ಬೆಳೆಯನ್ನು ಕಾಡುವ ರೀತಿಯಲ್ಲಿ ಮಾತ್ರ ಅದು ಶಿಲೀಂಧ್ರವನ್ನೇ ಹೋಲುತ್ತದೆ.

ಈ ಜೀವಿಯ ಬಾಳು ವಿಚಿತ್ರವಾದುದು. ರೋಗ ತಗಲಿದ ಕಾಯಿಯ ಮೇಲೆ ನಿಂಬೆಹಣ್ಣಿನ ಆಕಾರದ ಅತಿಸೂಕ್ಷ್ಮವಾದ ಚೀಲಗಳು ಹುಟ್ಟುತ್ತವೆ. ತಂಪು ಹವೆಯಲ್ಲಿ ನೀರಿನ ಹನಿ ಸೋಂಕಿದೊಡನೆ ಚೀಲದೊಳಗಿನ ದ್ರವ್ಯ ಹಲವು ಹೋಳುಗಳಾಗಿ, ಎರಡೆರಡು ಕಶಾಂಗಗಳುಳ್ಳ ಬೀಜಕಣಗಳಾಗಿ ಹೊರಬರುತ್ತದೆ. ಅವು ನೀರಿನ ತೆಳುಪೊರೆಯಲ್ಲಿ ಈಜುತ್ತ ಹೋಗಿ, ಹೊಸ ಕಾಯಿಯನ್ನು ಮುಟ್ಟಿ, ಮೊಳೆತು ಒಳನುಗ್ಗುತ್ತವೆ. ಕೆಲವೇ ದಿನಗಳಲ್ಲಿ ಆ ಕಾಯಿಯ ಮೇಲೂ ಹೊಸ ಚೀಲಗಳು ಸಿದ್ಧವಾಗುತ್ತವೆ. ಇದು ನಿರ್ಲಿಂಗ ರೀತಿಯ ಸಂತಾನೋತ್ಪತ್ತಿ. ಮಳೆಗಾಲದಲ್ಲಿ ರೋಗವು ಕಾಳ್ಗಿಚ್ಚಿನಂತೆ ಹಬ್ಬುವುದು ಇದರ ಬಲದಿಂದಲೇ. ಗೊನೆಗೆ ಕೊಟ್ಟೆ ಕಟ್ಟಿದ ಹಿರಿಯರು ತಮಗೆ ತಿಳಿಯದೆಯೇ ಈ ಈಜುವ ಬೀಜಕಣಗಳ ದಾರಿಯನ್ನು ಮುಚ್ಚುತ್ತಿದ್ದರು. ಲೈಂಗಿಕ ರೀತಿಯಿಂದ ಹುಟ್ಟುವ ಬೀಜಕಣಗಳಾದರೋ ದಪ್ಪ ಗೋಡೆಯವು. ಅವು ಈಜಲಾರವು, ಆದರೆ ಪ್ರತಿಕೂಲ ಕಾಲವನ್ನು ಸಹಿಸಿಕೊಂಡು ಬದುಕಬಲ್ಲವು.

ಶತ್ರುವಿನ ಬಲ ಎಲ್ಲಿದೆಯೋ ಅಲ್ಲಿಯೇ ಅವನ ದೌರ್ಬಲ್ಯವೂ ಇರುತ್ತದೆ. ಈಜುವ ಬೀಜಕಣಕ್ಕೆ ಗಟ್ಟಿಯಾದ ಹೊರಗೋಡೆಯಿಲ್ಲ. ನೀರಿನಲ್ಲಿ ಕರಗಿದ ತಾಮ್ರದ ಅಂಶ ಅತ್ಯಲ್ಪವಾಗಿದ್ದರೂ ಅದನ್ನು ಕೊಲ್ಲುತ್ತದೆ. ತಾಮ್ರದ ಈ ಗುಣ ಯುರೋಪಿನವರಿಗೆ ತಿಳಿದಿತ್ತು. ಫ್ರಾನ್ಸಿನ ಪ್ರೆವೋ ಎಂಬ ವಿದ್ವಾಂಸರು ೧೮೦೭ರಷ್ಟು ಹಿಂದೆಯೇ ಗೋದಿಯ ಕಾಡಿಗೆ ರೋಗದ ಬೀಜಕಣಗಳು ತಾಮ್ರ ಬೆರೆತ ನೀರಿನಲ್ಲಿ ಮೊಳೆಯುವುದಿಲ್ಲವೆಂಬುದನ್ನು ಪ್ರಕಟಿಸಿದ್ದರು. ಅದೇ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿ ಬೆಳೆಗಾರರು ದಾರಿಹೋಕರ ಕಳವನ್ನು ತಪ್ಪಿಸಲು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದಿರುವುದನ್ನು ೧೮೮೨ರಲ್ಲಿ ಪ್ರಾಧ್ಯಾಪಕ ಮಿಲಾರ್ಡೆಯವರು ಗಮನಿಸಿದರು. ಪ್ರಯೋಗಗಳಿಂದ ಅದನ್ನು ದೃಢಪಡಿಸಿಕೊಂಡು ೧೮೮೫ರಲ್ಲಿ ಲೋಕಕ್ಕೆ ಸಾರಿದರು. ಹೀಗೆ ಬೋರ್ಡೋ ದ್ರಾವಣವು ಬಳಕೆಗೆ ಬಂದಿತು.

ಫ್ರಾನ್ಸಿನ ದ್ರಾಕ್ಷಿಗೂ ಮಲೆನಾಡಿನ ಅಡಿಕೆಗೂ ಎಲ್ಲಿಯ ಸಂಬಂಧ? ದ್ರಾಕ್ಷಿಯ ಬಳ್ಳಿ ಆಳಿನ ಎತ್ತರದ್ದು; ಅಡಿಕೆಯ ಗೊನೆ ಆಕಾಶದಲ್ಲಿ ತೂಗುವಂಥದು. ಅಲ್ಲಿಯ ಮಳೆ ಮಿತವಾದುದು. ಇಲ್ಲಿಯದು ತಿಂಗಳುಗಟ್ಟಲೆ ಹಗಲಿರುಳೆನ್ನದೆ ಸುರಿಯುವಂಥದು. ಸಿಂಪಡಿಸಿದ ಔಷಧ ಒಂದೇ ಮಳೆಗೆ ತೊಳೆದುಹೋಗದೆ? ಅಷ್ಟೆತ್ತರಕ್ಕೆ ಅದನ್ನು ಮುಟ್ಟಿಸುವವರು ಯಾರು? ಈ ಸಂದೇಹಗಳನ್ನು ತೋಟದಲ್ಲಿಯೇ ಪರೀಕ್ಷಿಸಿ ಪರಿಹರಿಸಬೇಕಾಗಿತ್ತು. ಕೋಲ್ಮನ್ನರು ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು ೧೯೧೦ರಲ್ಲಿ ಇಲಾಖೆಯ ಪತ್ರಿಕೆಯಾಗಿ ಪ್ರಕಟಿಸಿದರು. ಮಳೆಗಾಲ ಹಿಡಿಯುವ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದೇ ತಕ್ಕ ಉಪಾಯವೆಂಬುದು ಅವರ ನಿರ್ಣಯವಾಗಿತ್ತು.

ದ್ರಾವಣವನ್ನು ತಯಾರಿಸುವ ಕ್ರಮ ಸರಳವಾದುದು. ಒಂದು ಕಿಲೋಗ್ರಾಮ್ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋಗ್ರಾಮ್ ಸುಟ್ಟ ಸುಣ್ಣವನ್ನು ಇನ್ನೊಂದು ಪಾತ್ರೆಯಲ್ಲಿ ಐವತ್ತು ಲೀಟರ್ ನೀರಿನಲ್ಲಿ ಕಲಸಿ ಸೋಸಬೇಕು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಪಾತ್ರೆಗಳು ಕಬ್ಬಿಣದವಾಗಿರಬಾರದು. ಸಿದ್ಧವಾದ ಆಕಾಶನೀಲಿ ಬಣ್ಣದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆಯೆಂದು ಅರ್ಥ. ಆಗ ಮತ್ತಷ್ಟು ಸುಣ್ಣದ ನೀರನ್ನು ಬೆರೆಸಬೇಕು. ಮಳೆಗೆ ತೊಳೆದುಹೋಗದೆ ಕಾಯಿಗೆ ಅಂಟಿಕೊಳ್ಳಲೆಂದು ರಾಳ ಮತ್ತು ಸೋಡಾಗಳನ್ನು ಕುದಿಸಿ ಮಾಡಿದ ಅಂಟನ್ನು ಸೇರಿಸುವುದುಂಟು. ಒಣಗಿದ ದ್ರಾವಣ ಕಾಯಿಯ ಮೇಲೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಮಳೆಯ ಹನಿ ಬಿದ್ದಾಗಲೆಲ್ಲ ಅದರಿಂದ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುಗಡೆಯಾಗುತ್ತದೆ. ಬೀಜಕಣಕ್ಕೆ ಈಜಲು ನೀರು ಬೇಕು. ಆ ನೀರೇ ಅದಕ್ಕೆ ವಿಷವಾಗುತ್ತದೆ.

ಈ ಔಷಧ ರೋಗವನ್ನು ಗುಣಪಡಿಸುವುದಲ್ಲ, ತಡೆಯುವುದು ಎಂಬುದನ್ನು ನೆನಪಿನಲ್ಲಿಡಬೇಕು. ಕೊಳೆತ ಕಾಯಿ ಮತ್ತೆ ಹಸಿರಾಗದು. ಆದುದರಿಂದಲೇ ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕಾಗುತ್ತದೆ. ಉದುರಿದ ಕಾಯಿಗಳನ್ನೂ ಒಣಗಿದ ಗೊನೆಗಳನ್ನೂ ಆಯ್ದು ನಾಶಪಡಿಸುವುದೂ ಅಷ್ಟೇ ಅಗತ್ಯ. ಈ ಕಾರ್ಯದಲ್ಲಿ ವಿಜ್ಞಾನಿಯಷ್ಟೇ ಗೌರವಕ್ಕೆ ಪಾತ್ರನಾದ ಇನ್ನೊಬ್ಬನಿದ್ದಾನೆ. ಅವನೇ ಕೊನೆಗಾರ. ಮಳೆಗೆ ಜಾರುವ ಮರವನ್ನು ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುತ್ತ, ಪ್ರಾಣದ ಹಂಗು ತೊರೆದು ಗೊನೆಗೊನೆಗೂ ಔಷಧ ಹೊಡೆಯುವವನು ಅವನು. ಅವನ ಧೈರ್ಯವಿಲ್ಲದಿದ್ದರೆ ಪ್ರಯೋಗಶಾಲೆಯ ಅರಿವು ನೆಲದಲ್ಲಿಯೇ ಉಳಿಯುತ್ತಿತ್ತು. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಸಿಂಪಡಿಸಬಲ್ಲ ಉದ್ದನೆಯ ಹಗುರವಾದ ದೋಟಿಗಳು ಬಂದಿರುವುದು ಸಮಾಧಾನದ ಸಂಗತಿ.

೧೯೧೩ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯು ಪ್ರತ್ಯೇಕ ಇಲಾಖೆಯಾಗಿ ರೂಪುಗೊಂಡಿತು. ಅದರ ಮೊದಲ ನಿರ್ದೇಶಕರಾದವರು ಕೋಲ್ಮನ್. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಆ ಶಾಲೆ ೧೯೪೬ರಲ್ಲಿ ಕಾಲೇಜಾಗಿ, ೧೯೬೪ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅಡಿಗಲ್ಲಾಯಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರ ಸ್ಥಾಪನೆಯಾಗುವುದರಲ್ಲಿಯೂ ಅವರ ಪಾತ್ರ ಹಿರಿದು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿದಾಗ, ಆ ನೀರಿಗೆ ತಕ್ಕ ಬೆಳೆ ಯಾವುದೆಂಬುದನ್ನು ಕುರಿತು ಅವರು ಆಲೋಚಿಸಿದರು. ಅಲ್ಲಿ ಪ್ರಯೋಗಕ್ಷೇತ್ರ ತಲೆಯೆತ್ತಿತು; ಕಬ್ಬಿನ ಬೆಳೆ ಹಬ್ಬಿತು; ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಈ ಉದ್ಯಮದ ರೂವಾರಿಗಳಲ್ಲಿ ಒಬ್ಬರೆಂದು ಮಂಡ್ಯದ ಜನ ಕೋಲ್ಮನ್ನರನ್ನು ಇಂದಿಗೂ ಸ್ಮರಿಸುತ್ತಾರೆ.

ಸುಮಾರು ಕಾಲು ಶತಮಾನದ ಸೇವೆಯ ಅನಂತರ, ೧೯೩೪ರಲ್ಲಿ, ಅವರು ಮೈಸೂರಿನಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಅಲ್ಲಿಯೂ ಸಂಶೋಧನೆಯನ್ನು ಕೈಬಿಡಲಿಲ್ಲ. ೧೯೫೪ರಲ್ಲಿ ಅವರು ದಿವಂಗತರಾದರು.

ಅವರು ಮುಗಿಸಿದ ಕಡೆಯಿಂದ ವಿಜ್ಞಾನ ಮುಂದೆ ಸಾಗಿದೆ. ಫೈಟಾಫ್ತೊರವು ಸ್ಟೀರಾಲ್ ಎಂಬ ದ್ರವ್ಯವನ್ನು ತಾನೇ ತಯಾರಿಸಿಕೊಳ್ಳಲಾರದು. ಅದಿಲ್ಲದೆಯೂ ಅದರ ಎಳೆಗಳು ಬೆಳೆಯಬಲ್ಲವು. ಆದರೆ ಲೈಂಗಿಕ ಬೀಜಕಣಗಳು ರೂಪುಗೊಳ್ಳಬೇಕಾದರೆ ಸ್ಟೀರಾಲನ್ನು ಆಶ್ರಯ ಕೊಟ್ಟ ಗಿಡದಿಂದ ಪಡೆಯಲೇಬೇಕು. ಈ ಸಂಗತಿ ೧೯೬೦ರ ದಶಕದಲ್ಲಿ ಬೆಳಕಿಗೆ ಬಂದಿತು. ಈ ಕುಲದ ಹಲವು ಜಾತಿಗಳಲ್ಲಿ ಎರಡು ಬಗೆಯ ತಳಿಗಳಿವೆ. ಒಂದು ತಳಿ ಹೊರಸೂಸುವ ಹಾರ್ಮೋನು ಇನ್ನೊಂದನ್ನು ಲೈಂಗಿಕ ಸಂತಾನೋತ್ಪತ್ತಿಗೆ ಪ್ರೇರೇಪಿಸುತ್ತದೆ. ಇಂಥ ಹಾರ್ಮೋನುಗಳಿರುವುದು ೧೯೭೮ರಲ್ಲಿ ಗೊತ್ತಾಯಿತು. ಅವುಗಳಲ್ಲಿ ಒಂದರ ರಾಸಾಯನಿಕ ರಚನೆಯನ್ನು ೨೦೦೫ರಲ್ಲಿ ಬಿಡಿಸಲಾಯಿತು. ಮಾತಿಲ್ಲದ ಈ ಜೀವಿಗಳಿಗೆ ರಾಸಾಯನಿಕಗಳೇ ಮಾತು. ಆ ಮಾತನ್ನು ಪೂರ್ಣವಾಗಿ ಅರಿತರೆ ಮುಂದೊಂದು ದಿನ ಇನ್ನೂ ಸೂಕ್ಷ್ಮವಾದ ಉಪಾಯಗಳು ದೊರೆಯಬಹುದು. ಅಂಥ ಉಪಾಯಗಳ ಅಗತ್ಯವೂ ಇದೆ. ವರ್ಷವರ್ಷವೂ ಸಿಂಪಡಿಸಿದ ತಾಮ್ರ ಮಣ್ಣಿನಲ್ಲಿ ಶೇಖರವಾಗುತ್ತ ಹೋಗುತ್ತದೆ; ಅದು ಮಿತಿಮೀರಿದರೆ ಎರೆಹುಳುವಿನಂಥ ಉಪಕಾರಿ ಜೀವಿಗಳಿಗೆ ಕೇಡು. ಮದ್ದು ಮಿತವಾಗಿದ್ದರೆ ಮಾತ್ರ ಮದ್ದು.

ಕೋಲ್ಮನ್ನರು ಹೊಸ ರಾಸಾಯನಿಕವನ್ನೇನೂ ಕಂಡುಹಿಡಿಯಲಿಲ್ಲ. ಬೇರೊಂದು ದೇಶದಲ್ಲಿ ಬೇರೊಂದು ಬೆಳೆಗಾಗಿ ಹುಟ್ಟಿದ ಅರಿವನ್ನು ತಂದು, ಈ ನೆಲದ ಮಳೆಗೆ, ಮರಕ್ಕೆ, ಬಡ ಬೆಳೆಗಾರನ ಕೈಗೆ ಹೊಂದಿಸಿಕೊಟ್ಟರು. ತಿಳಿವಳಿಕೆ ಗ್ರಂಥದಲ್ಲಿ ಉಳಿದರೆ ಅದು ವಿದ್ಯೆಯಷ್ಟೇ. ಒಕ್ಕಲಿಗನ ಅಂಗಳಕ್ಕೆ ತಲುಪಿದಾಗ ಅದು ಅನ್ನವಾಗುತ್ತದೆ. ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಇಂದಿಗೂ ಮುಂಗಾರಿನ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಮೈಲುತುತ್ತು ಕರಗುತ್ತದೆ, ಸುಣ್ಣ ಅರಳುತ್ತದೆ, ನೀಲಿ ದ್ರಾವಣ ಗೊನೆಗಳನ್ನು ತೋಯಿಸುತ್ತದೆ. ಅದನ್ನು ಕಲಸುವ ಎಷ್ಟೋ ಕೈಗಳಿಗೆ ಕೋಲ್ಮನ್ನರ ಹೆಸರು ತಿಳಿಯದಿರಬಹುದು. ಆದರೂ ಅವರು ತೋರಿದ ದಾರಿ ಆ ಮನೆಗಳ ಅನ್ನವನ್ನು ಕಾಯುತ್ತಲೇ ಇದೆ.